ಡ್ರಮ್ ಕಿಟ್ಟಿನ ಜಾತಕ

ಮೊದಲು ಬಿಚ್ಚಿದ್ದು ಬೇಸ್ ಡ್ರಮ್ಮು. ಅಗಲವಾದ ಮರದ ಹೂಪನ್ನು ಕಚ್ಚಿ ಹಿಡಿದಿದ್ದ ಉಕ್ಕಿನ ಉಗುರುಗಳು ಒಂದೊಂದಾಗಿ ಸಡಿಲಗೊಂಡು, ತಿರುಪುಗಳು ಹಳೆಯ ಬಿಸ್ಕತ್ ಡಬ್ಬಿಯೊಳಗೆ ಟಣ್ ಟಣ್ ಎಂದು ಬಿದ್ದವು. ಹೂಪು ಸರಿಯಿತು, ಪ್ಲಾಸ್ಟಿಕ್ ಚರ್ಮ ಎದ್ದು ಬಂತು, ಒಳಗಿನಿಂದ ಎಷ್ಟೋ ವರ್ಷ ಮುಚ್ಚಿಟ್ಟ ಗಾಳಿ ಹೊರಬಿತ್ತು. ಧೂಳು, ಹಳೆಯ ಅಂಟು, ಸಿಗರೇಟು, ಅದರಡಿ ಎಲ್ಲೋ ಒಂದೆಳೆ ಮರದ ವಾಸನೆ. ರಿಪೇರಿಯ ಮುದುಕ ತಲೆಯನ್ನು ಡ್ರಮ್ಮಿನೊಳಗೇ ತೂರಿಸಿ, ಟಾರ್ಚ್ ಹಾಕಿ, ಸ್ವಲ್ಪ ಹೊತ್ತು ಅಲ್ಲೇ ಇದ್ದ. ಒಳಗಿನಿಂದ ಅವನ ದನಿ ಗುಂಯ್ ಎಂದು ಬಂತು: 'ಮುದ್ರೆ ಇದೆ.'

ಶಿಕಾಗೋದ ಫೆಬ್ರವರಿ. ಮೇಲೆ ರಸ್ತೆಯಲ್ಲಿ ಹಿಮ ಕೆಸರಾಗಿ ಕಪ್ಪಗಾಗಿತ್ತು. ಕೆಳಗೆ ನೆಲಮಾಳಿಗೆಯ ಈ ವರ್ಕ್‌ಶಾಪಿನಲ್ಲಿ ಹೀಟರಿನ ಒಣ ಕಾವು. ಗೋಡೆಯ ಮೂರು ಕಡೆಯೂ ಬರೀ ಶೆಲ್‌ಗಳು. ತೊಗಲಿಲ್ಲದ, ತಿರುಪಿಲ್ಲದ ಮರದ ಉರುಳೆಗಳನ್ನು ಒಂದರೊಳಗೊಂದು ಸೇರಿಸಿ ಪೇರಿಸಿಟ್ಟಿದ್ದರು. ಮೇಜಿನ ಮೇಲೆ ಡ್ರಮ್ ಕೀ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ, ಬಟ್ಟೆ ಅಳೆಯುವ ಟೇಪು, ಹಲ್ಲುಜ್ಜುವ ಬ್ರಷ್ಷು, ಮೂಲೆ ಮಡಚಿಹೋದ ಹಳೆಯ ಕ್ಯಾಟಲಾಗುಗಳು. ಕಂಪ್ಯೂಟರು ಎಲ್ಲೂ ಕಾಣಲಿಲ್ಲ. ನಾನು ಅಲ್ಲಿಗೆ ಹೋದದ್ದು ಬರೀ ನೋಡುವುದಕ್ಕೆ. ಕೆಲಸ ಇದ್ದದ್ದು ಶಾಲೆಯೊಂದರಲ್ಲಿ ಸಂಗೀತ ಕಲಿಸುವ ಮೇಷ್ಟರಿಗೆ. ಅವರು ಹಳೆ ಸಾಮಾನಿನ ಹರಾಜಿನಲ್ಲಿ ಒಂದು ಕಿಟ್ ಕೊಂಡಿದ್ದರು, ಅದರ ಜಾತಕ ಬರೆಸಲು ಬಂದಿದ್ದರು.

ಮಾರಿದವನು ಅವರಿಗೆ ಹೇಳಿದ್ದು ಒಂದೇ ಸಾಲು: 1964ರ ಲಡ್ವಿಗ್, ಅಸಲಿ ಮಹೋಗನಿ ಶೆಲ್. ಹಳೆಯ ಡ್ರಮ್ ಮಾರುವವರ ಬಾಯಲ್ಲಿ 1964 ಎಂಬ ಇಸವಿ ಬಹಳ ಸುಲಭವಾಗಿ ಬರುತ್ತದೆ. ಯಾಕೆಂದರೆ ಆ ವರ್ಷದ ಫೆಬ್ರವರಿ 9ರ ರಾತ್ರಿ ಎಡ್ ಸಲಿವನ್ ಶೋನಲ್ಲಿ ಬೀಟಲ್ಸ್ ಕಾಣಿಸಿಕೊಂಡರು. ಅಮೆರಿಕದಲ್ಲಿ ಏಳು ಕೋಟಿಗೂ ಹೆಚ್ಚು ಜನ ಟೀವಿ ಮುಂದೆ ಕೂತಿದ್ದರು. ಎತ್ತರದ ಪೀಠದ ಮೇಲೆ ರಿಂಗೋ ಸ್ಟಾರ್, ಅವನ ಮುಂದಿನ ಬೇಸ್ ಡ್ರಮ್ಮಿನ ಮೇಲೆ ಬ್ಯಾಂಡಿನ ಹೆಸರು, ಅದರ ಮೇಲ್ಗಡೆ ಓದಲು ಸಿಗುವಷ್ಟು ದೊಡ್ಡದಾಗಿ ಲಡ್ವಿಗ್ ಎಂಬ ಹೆಸರು. ಕಂಪನಿ ಒಂದು ಡಾಲರೂ ಕೊಡದೆ ಸಿಕ್ಕ ಜಾಹೀರಾತು. ಅದಕ್ಕೆ ಹಿಂದಿನ ವರ್ಷ, 1963ರಲ್ಲಿ, ಲಂಡನ್ನಿನ ಶಾಫ್ಟ್ಸ್‌ಬರಿ ಅವೆನ್ಯೂದ ಡ್ರಮ್ ಸಿಟಿ ಎಂಬ ಅಂಗಡಿಯಲ್ಲಿ ರಿಂಗೋ ತನ್ನ ಮೊದಲ ಲಡ್ವಿಗ್ ಕಿಟ್ ಆರಿಸಿಕೊಂಡಿದ್ದ. ಕಪ್ಪು ಮುತ್ತಿನ ಸುಳಿಗಳ ಹೊದಿಕೆ ಇದ್ದ, ಇಪ್ಪತ್ತು ಅಂಗುಲದ ಬೇಸ್ ಇರುವ ಡೌನ್‌ಬೀಟ್ ಎಂಬ ಮಾದರಿ ಅದು. 2015ರ ಹರಾಜಿನಲ್ಲಿ ಆ ಕಿಟ್ 20 ಲಕ್ಷ ಡಾಲರಿಗೂ ಮೇಲೆ ಹೋಯಿತು. ಅಷ್ಟಾದ ಮೇಲೆ, ಅಮೆರಿಕದ ಯಾವ ಅಟ್ಟದಿಂದ ಯಾವ ಹಳೇ ಡ್ರಮ್ ಇಳಿದರೂ ಅದು 1964ರಲ್ಲಿ ಹುಟ್ಟಿದ್ದೇ ಆಗಿರುತ್ತದೆ.

ಟೀವಿಯ ಆ ರಾತ್ರಿ ಕಳೆದ ಮೇಲೆ ಶಿಕಾಗೋದ ಲಡ್ವಿಗ್ ಕಾರ್ಖಾನೆ ಹಗಲು ರಾತ್ರಿ ಓಡಿತು. ಆ ಕಾರ್ಖಾನೆ ಇದೇ ಊರಿನ ಡೇಮನ್ ಅವೆನ್ಯೂದಲ್ಲಿತ್ತು, 1728ನೇ ನಂಬರ್. ವಿಲಿಯಂ ಲಡ್ವಿಗ್ ಮತ್ತು ಥಿಯೋಬಾಲ್ಡ್ ಲಡ್ವಿಗ್ ಎಂಬ ಅಣ್ಣತಮ್ಮಂದಿರು 1909ರಲ್ಲಿ ಶುರು ಮಾಡಿದ ಕಂಪನಿ. ನಡುವೆ ಹೆಸರನ್ನೇ ಬೇರೆಯವರಿಗೆ ಮಾರಿ, ಡಬ್ಲ್ಯು ಎಫ್ ಎಲ್ ಎಂಬ ಇನ್ನೊಂದು ಹೆಸರಲ್ಲಿ ಮತ್ತೆ ಹುಟ್ಟಿ, 1955ರಲ್ಲಿ ವಿಲಿಯಂ ತನ್ನ ಮನೆತನದ ಹೆಸರನ್ನು ಮರಳಿ ಕೊಂಡುಕೊಂಡ. 1981ರಲ್ಲಿ ಸೆಲ್ಮರ್ ಕಂಪನಿ ಅದನ್ನು ಕೊಂಡಿತು, ಕಾರ್ಖಾನೆ ದಕ್ಷಿಣಕ್ಕೆ, ನಾರ್ತ್ ಕೆರೊಲಿನಾದ ಮನ್ರೋ ಊರಿಗೆ ಹೋಯಿತು. ಡೇಮನ್ ರಸ್ತೆಯ ಇಟ್ಟಿಗೆ ಕಟ್ಟಡ ಈಗ ವಾಸದ ಮನೆಗಳಾಗಿದೆ.

ಮುದುಕ ಮೊದಲು ನೋಡಬೇಕಾದ್ದನ್ನು ಮೊದಲು ನೋಡಲಿಲ್ಲ. ನಾವು ಯಾರಾದರೂ ಆಗಿದ್ದರೆ ಬ್ಯಾಡ್ಜಿಗೇ ಕಣ್ಣು ಹಾಕುತ್ತಿದ್ದೆವು. ಕಮಾನಿನ ನೆತ್ತಿಗಲ್ಲಿನ ಆಕಾರದ ಹಿತ್ತಾಳೆ ಬಣ್ಣದ ತಗಡು, ನಡುವೆ ಗಾಳಿಕಿಂಡಿ. ಗಾಳಿಕಿಂಡಿಯ ಲೋಹದ ಕಣ್ಣೇ ಬ್ಯಾಡ್ಜನ್ನು ಶೆಲ್ಲಿಗೆ ಕಚ್ಚಿಸಿ ನಿಲ್ಲಿಸುತ್ತದೆ. ಅರವತ್ತರ ದಶಕದ ಲಡ್ವಿಗ್ ಎಂದರೆ ಈ ಕೀಸ್ಟೋನ್ ಬ್ಯಾಡ್ಜು. ಅದರ ನಂತರ, ದಶಕದ ಕೊನೆಗೆ, ನೀಲಿ ಮತ್ತು ಆಲಿವ್ ಹಸಿರಿನ ಬ್ಯಾಡ್ಜ್ ಬಂತು. ಕೀಸ್ಟೋನಿನ ಮೇಲೆ ನಂಬರ್ ಇಲ್ಲದಿದ್ದರೆ ಡ್ರಮ್ 1963ಕ್ಕಿಂತ ಈಚಿನದಲ್ಲ ಎಂದು ಸುಮಾರಾಗಿ ಹೇಳಬಹುದು, ನಂಬರ್ ಒತ್ತುವ ಪದ್ಧತಿ ಶುರುವಾದದ್ದು ಆ ವರ್ಷದ ಕೊನೆಯಲ್ಲಿ. ಮೇಷ್ಟರ ಡ್ರಮ್ಮಿನಲ್ಲಿ ಆರಂಕಿಯ ನಂಬರ್ ಇತ್ತು. ಅಲ್ಲಿಗೆ ಕೆಲಸ ಮುಗಿಯಿತೆಂದು ಕೊಳ್ಳುವವರು ಅಂದುಕೊಳ್ಳುತ್ತಾರೆ: ನಂಬರ್ ಹಿಡಿದು ಪಟ್ಟಿ ನೋಡು, ಇಸವಿ ಬರೆದುಕೋ.

ಅದು ಹಾಗೆ ನಡೆಯುವುದಿಲ್ಲ. ಬ್ಯಾಡ್ಜುಗಳು ಕಾರ್ಖಾನೆಗೆ ಡಬ್ಬಿಗಟ್ಟಲೆ ಬರುತ್ತಿದ್ದವು. ಹಚ್ಚುವವನು ಡಬ್ಬಿಯೊಳಗೆ ಕೈ ಹಾಕಿದಾಗ ಸಿಕ್ಕದ್ದು ಸಿಕ್ಕ ಡ್ರಮ್ಮಿಗೆ. ಕೆಳಗಿನ ನಂಬರಿನ ತಗಡು ಡಬ್ಬಿಯ ತಳದಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದು ಆಮೇಲೆ ಹೊರಬಂದದ್ದೂ ಉಂಟು. ಆದ್ದರಿಂದ ಈ ನಂಬರು ಇಸವಿಯ ಆಸುಪಾಸಿಗೆ ಕರೆದೊಯ್ಯುತ್ತದೆ, ಮನೆ ಬಾಗಿಲಿಗಲ್ಲ. ಸಂಗ್ರಾಹಕರು ಸಾವಿರಾರು ಡ್ರಮ್ಮುಗಳ ನಂಬರನ್ನೂ ಒಳಗಿನ ಮುದ್ರೆಯನ್ನೂ ಹೊಂದಿಸಿ ಪಟ್ಟಿ ಮಾಡಿದ್ದಾರೆ, ಆ ಪಟ್ಟಿಗಳೂ ವರ್ಷ ಎರಡು ವರ್ಷ ಆಚೀಚೆ ಹೊಯ್ದಾಡುತ್ತವೆ.

ಹಾಗಾಗಿ ಒಳಗಿನ ಮುದ್ರೆ. ಟಾರ್ಚಿನ ಬೆಳಕನ್ನು ಅಡ್ಡಲಾಗಿ ಬಿಟ್ಟಾಗ ನಮಗೂ ಕಂಡಿತು. ನಮ್ಮ ತಾಲೂಕು ಕಚೇರಿಯಲ್ಲಿ 'ಸ್ವೀಕರಿಸಿದೆ' ಎಂದು ಒತ್ತುವಂಥ ರಬ್ಬರ್ ಸ್ಟಾಂಪಿನ ಕೆಂಪು ಶಾಯಿ, ಸ್ವಲ್ಪ ಓರೆಯಾಗಿ, ಕೊನೆಯ ಅಂಕಿ ಅರ್ಧ ಮಾತ್ರ ಮೂಡಿದೆ: ಜೂನ್ 24, 1965. ಶೆಲ್ ತಯಾರಾದಾಗ ಯಾರೋ ಕೆಲಸದವನು ಕೈ ಎತ್ತಿ ಒತ್ತಿದ ಗುರುತು. ಆಮೇಲೆ ಅದು ಎಷ್ಟು ದಿನ ಅಟ್ಟಣಿಗೆಯಲ್ಲಿ ಕಾದು ಪೂರ್ತಿ ಡ್ರಮ್ ಆಯಿತೋ, ಎಷ್ಟು ದಿನ ಅಂಗಡಿಯಲ್ಲಿ ಕೂತು ಮಾರಾಟವಾಯಿತೋ ಆ ಶಾಯಿ ಹೇಳುವುದಿಲ್ಲ. ಎಲ್ಲ ಶೆಲ್‌ಗಳಿಗೂ ಮುದ್ರೆ ಬಿದ್ದಿಲ್ಲ. ಬಿದ್ದ ಕೆಲವು ಬಣ್ಣದಡಿ ಮುಚ್ಚಿಹೋಗಿವೆ, ಕೆಲವನ್ನು ಮನೆಯವರು ಸ್ವಚ್ಛ ಮಾಡುವ ಉತ್ಸಾಹದಲ್ಲಿ ಉಜ್ಜಿ ಅಳಿಸಿದ್ದಾರೆ. ಮುದುಕ ಆ ಜಾಗವನ್ನು ಬಟ್ಟೆಯಿಂದ ಮುಟ್ಟಲೂ ಬಿಡಲಿಲ್ಲ.

ಮುದ್ರೆಯ ಸುತ್ತಲಿನ ಗೋಡೆಯೂ ಮಾತಾಡುತ್ತಿತ್ತು. ಒಳಮೈಗೆ ತಿಳಿ ಬೂದು ಬಣ್ಣ, ಅದರ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕೆಗಳ ಎರಚಲು, ಬೆರಳಾಡಿಸಿದರೆ ಸ್ವಲ್ಪ ಒರಟು. ರೆಸಾಕೋಟ್ ಎಂದು ಕಂಪನಿ ಇಟ್ಟ ಹೆಸರು. ಅರವತ್ತರ ದಶಕದ ತೀರಾ ಆರಂಭದವರೆಗೆ ಒಳಗೆ ಬರೀ ಬಿಳಿ ಬಣ್ಣ, ಆಮೇಲೆ ಸುಮಾರು 1968ರವರೆಗೆ ಈ ಚುಕ್ಕೆ ಬಣ್ಣ, ಅದರಾಚೆಗೆ ಮರ ಕಾಣುವ ಪಾರದರ್ಶಕ ವಾರ್ನಿಷ್. ಬ್ಯಾಡ್ಜು, ಮುದ್ರೆ, ಒಳಬಣ್ಣ ಮೂರೂ ಒಂದೇ ಮಾತು ಹೇಳುತ್ತಿವೆ. 1964 ಅಲ್ಲ, 1965. ಮೇಷ್ಟರ ಮುಖ ತುಸು ಬಾಡಿತು. ಒಂದು ವರ್ಷಕ್ಕೆ ಅಷ್ಟೇನು ಎಂದು ನನಗನ್ನಿಸಿತು, ಆದರೆ ಆ ಒಂದು ವರ್ಷಕ್ಕೇ ಅವರು ದುಡ್ಡು ಕೊಟ್ಟಿದ್ದು.

ಫ್ಲೋರ್ ಟಾಮ್ ಬೇಗ ಮುಗಿಯಿತು. ಹದಿನಾರು ಅಂಗುಲ, ಮೂರು ಕಾಲು, ಅದೇ ಚುಕ್ಕೆ ಬಣ್ಣ, ನವೆಂಬರ್ 9, 1965ರ ಮುದ್ರೆ. ಆದರೆ ಬ್ಯಾಡ್ಜಿನ ನಂಬರು ಬೇಸ್ ಡ್ರಮ್ಮಿನದಕ್ಕಿಂತ ಕಡಿಮೆ! ನಾಲ್ಕೂವರೆ ತಿಂಗಳು ಕಿರಿಯವನು ನಂಬರಿನಲ್ಲಿ ಹಿರಿಯ. ಮುದುಕ ನನ್ನ ಕಡೆ ನೋಡಿ ಡಬ್ಬಿಯೊಳಗೆ ಕೈಹಾಕುವ ಅಭಿನಯ ಮಾಡಿದ. ಹಾಗಾದರೆ ಇವೆರಡೂ ಒಂದೇ ಕಿಟ್ಟಿನವಲ್ಲವೇ ಎಂದು ಮೇಷ್ಟರು ಕೇಳಿದರು. ಆಗಿರಬಹುದು. ಕಾರ್ಖಾನೆಯಲ್ಲಿ ಒಂದು ಕಿಟ್ ಎಂದು ಯಾರೂ ಒಂದೇ ಮರದಿಂದ ಒಂದೇ ದಿನ ಕೊರೆಯುತ್ತಿರಲಿಲ್ಲ. ಬೇಸ್‌ಗಳ ರಾಶಿಯಿಂದ ಒಂದು ಬೇಸ್, ಟಾಮ್‌ಗಳ ರಾಶಿಯಿಂದ ಎರಡು ಟಾಮ್ ತೆಗೆದು ಒಂದೇ ಪೆಟ್ಟಿಗೆಯಲ್ಲಿ ಕಳಿಸಿದರೆ ಅದು ಕಿಟ್. ಕೆಲವು ತಿಂಗಳ ಅಂತರ ಅಸಲಿ ಕಿಟ್ಟುಗಳಲ್ಲೂ ಸಾಮಾನ್ಯ. ಎಲ್ಲ ಡ್ರಮ್ಮುಗಳಲ್ಲೂ ಒಂದೇ ದಿನದ ಮುದ್ರೆ ಕಂಡರೆ ಅದನ್ನೇ ಅವನು ಇನ್ನೊಮ್ಮೆ ನೋಡುತ್ತಾನಂತೆ.

ಕಿಟ್ಟಿನ ಹುಟ್ಟಿದ ದಿನ ಅಂತ ಒಂದಿಲ್ಲ ಎನ್ನುವುದು ನನಗೆ ಸ್ಪಷ್ಟವಾದದ್ದು ಅಲ್ಲೇ. ಮರ ಕಡಿದ ದಿನ, ಶೆಲ್ ಬಗ್ಗಿಸಿದ ದಿನ, ತಗಡು ಹಚ್ಚಿದ ದಿನ, ಅಂಗಡಿಯಲ್ಲಿ ಮಾರಿದ ದಿನ, ಇವು ಬೇರೆ ಬೇರೆ. ಕೊಳ್ಳುವವನು ಕೇಳುವುದು ಮಾತ್ರ ಒಂದೇ ಇಸವಿ.

ಈಗ ಮರ. ಇದಕ್ಕೆ ಮುದುಕ ಕುರ್ಚಿ ಎಳೆದುಕೊಂಡು ಕೂತ. ಶೆಲ್ಲಿನ ತುದಿಯಂಚನ್ನು, ಅಂದರೆ ಚರ್ಮ ಕೂರುವ ಬೇರಿಂಗ್ ಎಡ್ಜನ್ನು, ದೀಪದ ಕೆಳಗೆ ತಂದು ಹಲ್ಲುಜ್ಜುವ ಬ್ರಷ್ಷಿನಿಂದ ಧೂಳು ಕೆಡವಿದ. ಹೊರಗೆ ಹೊದಿಕೆ, ಒಳಗೆ ಬಣ್ಣ. ಮರ ಬೆತ್ತಲೆಯಾಗಿ ಸಿಗುವುದು ಈ ಕಾಲಂಗುಲ ದಪ್ಪದ ಅಂಚಿನಲ್ಲಿ ಮಾತ್ರ. ಬರಿಗಣ್ಣಿಗೆ ಅದು ಚಿರೋಟಿಯ ಅಂಚಿನ ಹಾಗೆ ಪದರ ಪದರವಾಗಿ ಕಂಡಿತು. ಮಸೂರದಡಿ ಪದರಗಳು ಬೇರೆಯಾದವು. ಹೊರಗಿನದು ತೆಳು, ಕೆಂಗಂದು. ಅದರಲ್ಲಿ ಸಣ್ಣ ಪೆನ್ನಿನಲ್ಲಿ ಗೀಚಿದಂಥ ಉದ್ದುದ್ದ ರಂಧ್ರಗಳು. ನಡುವಿನದು ದಪ್ಪ, ಮಾಸಲು ಹಳದಿ, ಅಲ್ಲಲ್ಲಿ ಹಸಿರಿನ ಛಾಯೆ. ಒಳಗಿನದು ಮತ್ತೆ ಕೆಂಗಂದು. ಮೂರೇ ಪದರ. ಅವುಗಳ ಒಳಮಗ್ಗುಲಿಗೆ, ಮೇಲಂಚಿನಲ್ಲಿ ಒಂದು ಕೆಳಗಂಚಿನಲ್ಲಿ ಒಂದು, ಬೆಳ್ಳಗಿನ ಗಟ್ಟಿಮರದ ಬಳೆ ಅಂಟಿಸಿದೆ. ತೆಳು ಶೆಲ್ ಆಕಾರ ಕೆಡದಿರಲಿ ಎಂದು ಆಧಾರಕ್ಕೆ.

ಕೆಂಗಂದು ಪದರ ಮಹೋಗನಿ, ನಡುವಿನದು ಪೋಪ್ಲರ್, ಬಳೆ ಮೇಪಲ್. ಇದು ಆ ದಶಕದ ಲಡ್ವಿಗ್ಗಿನ ಸಾಮಾನ್ಯ ಪಾಕ. ದಶಕದ ಕೊನೆಗೆ ಹೋದ ಹಾಗೆ ಮಹೋಗನಿಯ ಜಾಗಕ್ಕೆ ಮೇಪಲ್ ಬಂತು, 1976ರ ಹೊತ್ತಿಗೆ ಆಧಾರದ ಬಳೆ ಇಲ್ಲದ ಆರು ಪದರದ ಮೇಪಲ್ ಶೆಲ್. ಆದರೆ ಬಣ್ಣ ಬಳಿಯುವ ಒಳಮೈಗೆ, ಹೊದಿಕೆ ಸುತ್ತುವ ಹೊರಮೈಗೆ ಯಾವ ಮರದ ಹಾಳೆ ಬಂದರೂ ನಡೆಯುತ್ತಿತ್ತು, ಯಾರಿಗೆ ಕಾಣಬೇಕು? ಹಾಗಾಗಿ ಒಂದೇ ವರ್ಷದ ಎರಡು ಶೆಲ್‌ಗಳು ಒಂದೇ ಥರ ಇರಲೇಬೇಕೆಂದಿಲ್ಲ. 'ಅಸಲಿ ಮಹೋಗನಿ ಶೆಲ್' ಎಂಬ ಮಾರಾಟಗಾರನ ಮಾತಿನಲ್ಲಿ ಅಷ್ಟರ ಮಟ್ಟಿಗೆ ಸತ್ಯವಿದೆ, ದಪ್ಪದ ಬಹುಪಾಲು ಮಾತ್ರ ಅಗ್ಗದ ಪೋಪ್ಲರ್. ಮಹೋಗನಿ ನಮಗೆ ಅಪರಿಚಿತ ಮರವೇನಲ್ಲ. ಬೆಂಗಳೂರಿನ ಹಲವು ಹಳೆಯ ಬಡಾವಣೆಗಳ ರಸ್ತೆ ಬದಿಯಲ್ಲಿ ನೆರಳು ಕೊಡುತ್ತಾ, ಬೇಸಿಗೆಯಲ್ಲಿ ಮರದಂಥ ಕಾಯಿ ಸಿಡಿಸಿ ರೆಕ್ಕೆ ಬೀಜ ಉದುರಿಸುವುದು ಅದೇ ಕುಲ.

ಅಂಚಿನಲ್ಲಿ ಇನ್ನೊಂದು ಗುಟ್ಟಿದೆ. ಹೊರ ಮತ್ತು ಒಳಪದರದ ನಾರು ಡ್ರಮ್ಮಿನ ಸುತ್ತ ಅಡ್ಡಲಾಗಿ ಓಡುತ್ತದೆ. ನಡುವಿನ ಪದರದ ನಾರು ಮೇಲಿನಿಂದ ಕೆಳಕ್ಕೆ. ಒಂದು ಹಿಗ್ಗಿದಾಗ ಇನ್ನೊಂದು ಹಿಡಿಯಲಿ ಎಂಬ ಪ್ಲೈವುಡ್ಡಿನ ಹಳೆಯ ಲೆಕ್ಕ. ಅದರ ಫಲವಾಗಿ ಅಂಚಿನಲ್ಲಿ ನಡುವಿನ ಪದರ ಮಾತ್ರ ಅಡ್ಡ ಕತ್ತರಿಸಿದ ಮುಖ ತೋರಿಸುತ್ತದೆ. ನಾರಿನ ಕೊಳವೆಗಳ ತೆರೆದ ಬಾಯಿಗಳು ಚುಕ್ಕೆ ಚುಕ್ಕೆಯಾಗಿ ಕಾಣುತ್ತವೆ. ಮರ ಗುರುತಿಸುವವರಿಗೆ ಬೇಕಾದ್ದು ಇದೇ ಮುಖ. ಓಕ್ ಆದರೆ ದೊಡ್ಡ ರಂಧ್ರಗಳು ಸಾಲು ಹಿಡಿದು ನಿಂತಿರುತ್ತವೆ. ಮೇಪಲ್ ಆದರೆ ರಂಧ್ರಗಳು ಸಣ್ಣವು, ಎಲ್ಲ ಕಡೆ ಸಮನಾಗಿ ಚೆಲ್ಲಿದವು. ಬರ್ಚ್ ಹೆಚ್ಚುಕಡಿಮೆ ಹಾಗೆಯೇ, ಸ್ವಲ್ಪ ದೊಡ್ಡ ರಂಧ್ರ. ಇವೆರಡರ ನಡುವೆ ಪಳಗಿದವರೂ ತಡವರಿಸುತ್ತಾರೆ. ಬೀಚ್ ಸುಲಭ. ಅದರ ಮೈತುಂಬ ಕಂದು ಬಣ್ಣದ ಗಿಡ್ಡ ಗೀರುಗಳು. ಜರ್ಮನಿಯ ಸೋನರ್ ಕಂಪನಿಯ ಹಳೆಯ ಶೆಲ್‌ಗಳನ್ನು ಬಣ್ಣ ತೆಗೆಯದೆಯೇ ಈ ಗೀರುಗಳಿಂದ ಗುರುತಿಸುವವರಿದ್ದಾರೆ.

ಉಂಗುರ ಎಣಿಸಿದರೆ ಮರದ ವಯಸ್ಸು ಸಿಗುವುದಿಲ್ಲವೇ? ಕೇಳಿದೆ. ಪಿಟೀಲಿನಲ್ಲಿ ಸಿಗುತ್ತದೆ. ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಮ್ಮಿನಲ್ಲಿರುವ ಸ್ಟ್ರಾಡಿವರಿಯ ಮೆಸ್ಸಾಯ ಪಿಟೀಲು ಅಸಲಿಯೋ ನಕಲಿಯೋ ಎಂಬ ಜಗಳದಲ್ಲಿ, ಮುಂಭಾಗದ ಸ್ಪ್ರೂಸ್ ಹಲಗೆಯ ವಾರ್ಷಿಕ ಗೆರೆಗಳನ್ನು ಅಳೆದು ಕೊನೆಯ ಗೆರೆ 1680ರ ದಶಕದ್ದು ಎಂದು ತೋರಿಸಿದರು. ಅಲ್ಲಿ ಹಲಗೆ ಸೀಳಿದ್ದು ತಿರುಳಿನಿಂದ ತೊಗಟೆಯ ಕಡೆಗೆ, ಗೆರೆಗಳು ಸಾಲಾಗಿ ಉಳಿದಿರುತ್ತವೆ. ಡ್ರಮ್ಮಿನ ಪ್ಲೈ ಸಾಮಾನ್ಯವಾಗಿ ಬರುವುದು ಬೇರೆ ರೀತಿ. ದಿಮ್ಮಿಯನ್ನು ಲೇಥಿನಲ್ಲಿ ಗಿರಗಿರ ತಿರುಗಿಸಿ, ಉದ್ದದ ಅಲಗು ಒತ್ತಿ ಹಿಡಿದು, ಹಾಳೆಯನ್ನು ಸುತ್ತಲೂ ಸುಲಿಯುತ್ತಾರೆ. ಅಲಗು ಒಂದೇ ವರ್ಷದ ಗೆರೆಯನ್ನು ಹತ್ತು ಸಲ ದಾಟಿ ಬರುತ್ತದೆ. ಹಾಳೆಯ ಮೇಲೆ ಅಲೆಯಲೆಯ ಚಿತ್ತಾರ ಉಳಿಯುತ್ತದೆ, ಪಂಚಾಂಗ ಉಳಿಯುವುದಿಲ್ಲ. ನಮ್ಮ ಮೃದಂಗದ ಹಲಸಿನ ಕೊಡದಲ್ಲಾದರೆ ಒಂದೇ ದಿಮ್ಮಿಯನ್ನು ಕೊರೆದಿರುತ್ತಾರೆ, ಮರ ಯಾವುದೆಂದು ಅಲ್ಲಿ ಯಾರೂ ಮಸೂರ ಹಿಡಿದು ಹುಡುಕಬೇಕಿಲ್ಲ. ಅಮೆರಿಕದಲ್ಲೂ ಅಂಥದ್ದೊಂದು ಇತ್ತು. ಜೀನ್ ಕ್ರೂಪಾ ಬಾರಿಸಿ ಹೆಸರು ಮಾಡಿದ ಸ್ಲಿಂಗರ್‌ಲ್ಯಾಂಡ್ ಕಂಪನಿಯ ರೇಡಿಯೊ ಕಿಂಗ್ ಸ್ನೇರ್. ಒಂದೇ ಮೇಪಲ್ ಹಲಗೆಯನ್ನು ಹಬೆಯಲ್ಲಿ ಬೇಯಿಸಿ ಬಳೆಯಾಗಿ ಬಗ್ಗಿಸಿದ್ದು. ಮುದುಕನ ಗೋಡೆಯಲ್ಲಿ ಅದರ ಒಂದು ಶೆಲ್ ಇತ್ತು, ಜೋಡಣೆಯ ಜಾಗದಲ್ಲಿ ಬಿರಿದಿತ್ತು. ಮುಟ್ಟಬೇಡಿ ಎಂದ.

ಹೊದಿಕೆಯ ವಿಷಯ ಬಂದಾಗ ಅವನು ಒಂದು ಲಗ್ ಬಿಚ್ಚಿದ. ಬಿಗಿ ತಿರುಪು ಕೂರುವ ಆ ಲೋಹದ ಗೂಡಿನ ಅಡಿಯಲ್ಲಿ ಅದರದೇ ಆಕಾರದ ಹಾಲುಬಿಳುಪು. ಸುತ್ತಲೆಲ್ಲ ಹಳೆಯ ದಂತದ ಹಳದಿ. ಮೂಲದಲ್ಲಿ ಇಡೀ ಡ್ರಮ್ ಹೀಗೇ ಮುತ್ತಿನ ಬಿಳುಪಾಗಿತ್ತು, ಬೆಳಕು ಮತ್ತು ಹೊಗೆ ಅರವತ್ತು ವರ್ಷ ಕೆಲಸ ಮಾಡಿ ಹಳದಿ ಮಾಡಿವೆ. ಇದೇ ಕಾರಣಕ್ಕೆ ಎಷ್ಟೋ ನೀಲಿ ಸ್ಪಾರ್ಕಲ್ ಡ್ರಮ್ಮುಗಳು ಇವತ್ತು ಹಸಿರಾಗಿ ಕಾಣುತ್ತವೆ, ಮಾರುವವರು ಹಸಿರೆಂದೇ ಮಾರುತ್ತಾರೆ. ಲಗ್ಗಿನಡಿಯ ಬಿಳುಪು ಲಗ್ಗಿನಷ್ಟೇ ಇದ್ದರೆ ಅದು ಮೊದಲಿನಿಂದ ಅಲ್ಲೇ ಕೂತದ್ದು ಎಂದರ್ಥ. ಅಂದಿನ ಮುತ್ತಿನ ಹೊದಿಕೆಗಳಲ್ಲಿ ಹಲವು ಸೆಲ್ಯುಲಾಯ್ಡ್. ಹಳೆಯ ಸಿನಿಮಾ ರೀಲಿನ ವಸ್ತುವೇ, ಕಿಡಿ ತಾಗಿದರೆ ಭಗ್ಗೆನ್ನುವುದು. ಅದನ್ನು ಮೆದುವಾಗಿಸಲು ಕರ್ಪೂರ ಬೆರೆಸುತ್ತಿದ್ದರು. ಹೊದಿಕೆಯ ತುದಿಯನ್ನು ಮುದುಕ ಉಪ್ಪು ಕಾಗದದಿಂದ ನಾಲ್ಕು ಸಲ ಉಜ್ಜಿ ನನ್ನ ಮೂಗಿನ ಹತ್ತಿರ ಹಿಡಿದ. ಕರ್ಪೂರವೇ. ಶಿಕಾಗೋದ ನೆಲಮಾಳಿಗೆಯಲ್ಲಿ ಮಂಗಳಾರತಿಯ ವಾಸನೆ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಹೊದಿಕೆಯ ಚಿತ್ತಾರವೂ ಸಾಕ್ಷಿ ಹೇಳುತ್ತದೆ. ಮುತ್ತಿನ ಸುಳಿಗಳು ಯಾವ ಎರಡು ಡ್ರಮ್ಮಿನಲ್ಲೂ ಒಂದೇ ಥರ ಬೀಳುವುದಿಲ್ಲ. ರಿಂಗೋ ಬಳಸಿದ ಕಿಟ್ಟುಗಳು ಒಂದಕ್ಕಿಂತ ಹೆಚ್ಚು. ಯಾವ ಫೋಟೋದಲ್ಲಿರುವುದು ಯಾವುದು ಎಂದು ಬೇರ್ಪಡಿಸಿದ್ದು ಕಪ್ಪು ಸುಳಿಗಳನ್ನು ಒಂದೊಂದಾಗಿ ಹೋಲಿಸಿ.

ಬೇರೆ ಕಂಪನಿಗಳಾದರೆ ಬೇರೆ ಶಾಸ್ತ್ರ. ಬ್ರೂಕ್ಲಿನ್ನಿನ ಗ್ರೆಚ್ ಡ್ರಮ್ಮುಗಳ ಒಳಗೆ ಬೆಳ್ಳಿ ಬಣ್ಣ, ಹೊರಗೆ ಎಪ್ಪತ್ತರ ದಶಕದ ಆರಂಭದವರೆಗೆ ದುಂಡು ಬ್ಯಾಡ್ಜ್, ಆಮೇಲೆ ಎಂಟು ಮೂಲೆಯದು. ದುಂಡು ಬ್ಯಾಡ್ಜಿನಲ್ಲಿ ನಂಬರಿಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಬರ್ಚ್ ಕಡೆ ಒಲಿದಿತ್ತು, ಅದರ ಹಳೆಯ ಡ್ರಮ್ಮುಗಳ ಮೇಲೆ ಅಮೆರಿಕದ ಅಳತೆಯ ಚರ್ಮ ಕೂರುವುದೇ ಇಲ್ಲ. ಆ ಹೊಂದದಿರುವಿಕೆಯೇ ವಯಸ್ಸಿನ ಗುರುತು. ಇನ್ನೂ ಹಿಂದಕ್ಕೆ, 1957ರ ಹೊತ್ತಿಗೆ ಪ್ಲಾಸ್ಟಿಕ್ ಚರ್ಮ ಬರುವ ಮೊದಲು, ಎಲ್ಲವೂ ಕರುವಿನ ತೊಗಲು. ಅದಕ್ಕಾಗಿ ಕಡೆದ ಅಂಚುಗಳು ದುಂಡಗೆ. ಹಳೆಯ ಶೆಲ್ಲಿನ ಅಂಚು ಚೂಪಾಗಿ, ಹೊಸ ಮರದ ಬಣ್ಣದಲ್ಲಿ ಹೊಳೆಯುತ್ತಿದ್ದರೆ ಯಾರೋ ಇತ್ತೀಚೆಗೆ ಕಡೆದಿದ್ದಾರೆ, ಬೆಲೆ ಇಳಿಯಿತು.

ಮರದ ಡ್ರಮ್ಮುಗಳಲ್ಲಿ ಉಳಿದದ್ದು ಹದಿಮೂರು ಅಂಗುಲದ ರ‍್ಯಾಕ್ ಟಾಮ್. ಇದನ್ನು ಅವನು ಬೇಕೆಂದೇ ಕೊನೆಗೆ ಇಟ್ಟಿದ್ದ ಎಂದು ಆಮೇಲೆ ಹೊಳೆಯಿತು. ಬಂದ ಕೂಡಲೆ ಎರಡೂ ಕೈಯಲ್ಲಿ ಎತ್ತಿ ತೂಗಿ ಪಕ್ಕಕ್ಕೆ ಸರಿಸಿದ್ದ. ಹೊರನೋಟಕ್ಕೆ ಎಲ್ಲ ಸರಿ. ಅದೇ ಮುತ್ತಿನ ಹಳದಿ, ಅದೇ ಕೀಸ್ಟೋನ್, ಅದೇ ಲಗ್ಗುಗಳು, ಒಳಗೆ ಬೂದು ಚುಕ್ಕೆ ಬಣ್ಣ. ಚರ್ಮ ತೆಗೆಯುವಾಗ ಮೊದಲ ತಕರಾರು. ಅದು ಬರಲೊಲ್ಲದು, ಶೆಲ್ಲಿಗೆ ಕಚ್ಚಿಕೊಂಡು ಕೂತಿತ್ತು. ಎರಡನೆಯದು, ಒಳಗೆ ಆಧಾರದ ಬಳೆ ಇಲ್ಲ. ಮೂರನೆಯದು, ಬ್ಯಾಡ್ಜಿನ ಕಿಂಡಿಯ ಲೋಹದ ಕಣ್ಣು ತೀರಾ ಹೊಳಪು, ಅಂಚು ಒರಟಾಗಿ ಹರಿದಿದೆ. ಲಗ್ ಬಿಚ್ಚಿದರೆ ಅಡಿಯಲ್ಲಿ ನಾಲ್ಕು ತೂತು: ಎರಡರಲ್ಲಿ ತಿರುಪು, ಎರಡರಲ್ಲಿ ಮರದ ಬೆಣೆ ಹೊಡೆದು ಪುಟ್ಟಿ ಮೆತ್ತಿದ್ದಾರೆ. ಹೊದಿಕೆಯ ಮೇಲಿನ ಬಿಳಿ ನೆರಳು ಈ ಲಗ್ಗಿನದಲ್ಲ, ಅದಕ್ಕಿಂತ ಉದ್ದದ ಇನ್ನಾವುದೋ ಲಗ್ಗಿನದು.

ಅಂಚಿಗೆ ಮಸೂರ ಹಿಡಿದಾಗ ಮೂರಲ್ಲ, ಆರು ಪದರ. ಆರು ಪದರವೆಂದರೆ 1976ರ ನಂತರದ ಲಡ್ವಿಗ್ ಇರಬಹುದಲ್ಲ ಎಂದು ಮೇಷ್ಟರು ಆಸೆಯಿಂದ ಹೇಳಿದರು. ಅವರೂ ಮನೆಪಾಠ ಮಾಡಿಕೊಂಡೇ ಬಂದಿದ್ದರು. ಆದರೆ ಅದು ಮೇಪಲ್ ಆಗಿರಬೇಕಿತ್ತು. ಇಲ್ಲಿ ಆರೂ ಪದರ ಕೆಂಪು, ರಂಧ್ರಗಳು ದೊಡ್ಡವು. ಮಹೋಗನಿಯೇ ಎಂದು ನಾನಂತೂ ಹೇಳಿಬಿಡುತ್ತಿದ್ದೆ. ಮುದುಕ ಹೊಸ ಬ್ಲೇಡಿನಿಂದ ಒಂದು ಪದರದ ಅಡ್ಡಮುಖವನ್ನು ಉಗುರಿನಷ್ಟು ಅಗಲ ನಯವಾಗಿ ಕೆರೆದು, ನೀರಿನ ಹನಿ ಹಚ್ಚಿ, ಮಸೂರವನ್ನು ನನ್ನ ಕೈಗೆ ಕೊಟ್ಟ. ಕೆಂಪು ನೆಲದ ಮೇಲೆ, ರಂಧ್ರಗಳ ನಡುವೆ, ಬಿಳಿಯ ಅತಿ ಸಣ್ಣ ಚುಕ್ಕೆಗಳು ಪೋಣಿಸಿದಂತೆ ಒಂದೇ ಗೆರೆಯಲ್ಲಿ. ಅವು ರಾಳದ ನಾಳಗಳು, ಒಳಗೆ ಬಿಳಿ ರಾಳ ಗಟ್ಟಿಯಾಗಿದೆ. ಮಹೋಗನಿಯಲ್ಲಿ ಇಂಥ ಸಾಲು ಇರುವುದಿಲ್ಲ. ಇದು ಲುವಾನ್, ಆಗ್ನೇಯ ಏಷ್ಯಾದ ಕಾಡಿನ ಮರ. ವ್ಯಾಪಾರದಲ್ಲಿ ಅದಕ್ಕೆ ಫಿಲಿಪೈನ್ ಮಹೋಗನಿ ಎಂದು ಹೆಸರಿಟ್ಟಿದ್ದರಿಂದ ಡ್ರಮ್ ಮಾರುವವರು ಮೊದಲರ್ಧವನ್ನು ನುಂಗಿ ಎರಡನೆಯದನ್ನು ಮಾತ್ರ ಹೇಳುತ್ತಾರೆ. ನಿಜ ಮಹೋಗನಿಗೂ ಅದಕ್ಕೂ ನೆಂಟಸ್ತಿಕೆಯಿಲ್ಲ. ಅದರ ನೆಂಟರು ಇರುವುದು ನಮ್ಮ ಕಡೆ. ಪಶ್ಚಿಮಘಟ್ಟದ ಧೂಪದ ಮರ ಅದೇ ಕುಟುಂಬದ್ದು. ಕೊಡಗು, ದಕ್ಷಿಣ ಕನ್ನಡದ ಕಡೆ ಅದರ ಬೊಡ್ಡೆಗೆ ಗಾಯ ಮಾಡಿ ತೆಗೆಯುವ ರಾಳ ಒಸರುವುದು ಇಂಥದ್ದೇ ನಾಳಗಳಿಂದ.

ಅಲ್ಲಿಗೆ ಈ ಟಾಮಿನ ಊರು ಹೆಚ್ಚುಕಡಿಮೆ ಗೊತ್ತಾಯಿತು. ಅರವತ್ತರ ದಶಕದಲ್ಲಿ ಜಪಾನಿನ ಕಾರ್ಖಾನೆಗಳು ಅಮೆರಿಕದ ಆಮದುದಾರರಿಗೆ ಸಾವಿರಗಟ್ಟಲೆ ಅಗ್ಗದ ಕಿಟ್ ಮಾಡಿಕೊಟ್ಟವು. ಕೇಳಿದವರಿಗೆ ಕೇಳಿದ ಹೆಸರಿನ ಬ್ಯಾಡ್ಜ್ ಹಚ್ಚಿ ಕಳಿಸುತ್ತಿದ್ದವು. ಶೆಲ್ ಬಹುಪಾಲು ಲುವಾನ್. 1946ರಲ್ಲಿ ಕತ್ಸುಮಿ ಯಾನಾಗಿಸಾವಾ ಮ್ಯೂಸಿಕ್ ಸ್ಟ್ಯಾಂಡ್ ಮಾಡಲು ಶುರುಮಾಡಿದ ಪುಟ್ಟ ಕಾರ್ಖಾನೆ ಮುಂದೆ ಪರ್ಲ್ ಎಂಬ ದೊಡ್ಡ ಡ್ರಮ್ ಕಂಪನಿಯಾಗಿ ಬೆಳೆದದ್ದೂ ಈ ದಾರಿಯಲ್ಲೇ. ಬೀಟಲ್ಸ್ ನೋಡಿ ಡ್ರಮ್ ಬೇಕೆಂದು ಹಟ ಹಿಡಿದ ಹುಡುಗರ ಅಪ್ಪಂದಿರಿಗೆ ಲಡ್ವಿಗ್ ಕೈಗೆಟುಕದಿದ್ದಾಗ ಮನೆಗೆ ಬಂದದ್ದು ಇಂಥವು. ಅಂಥದ್ದರ ಟಾಮ್ ಒಂದಕ್ಕೆ ಯಾರೋ ಲಡ್ವಿಗ್ಗಿನ ಲಗ್ ಹಚ್ಚಿ, ಒಡೆದ ಇನ್ನಾವುದೋ ಡ್ರಮ್ಮಿನ ಬ್ಯಾಡ್ಜ್ ಕಿತ್ತು ಕೂರಿಸಿ, ಒಳಗೆ ಸ್ಪ್ರೇ ಡಬ್ಬಿಯಿಂದ ಚುಕ್ಕೆ ಎರಚಿದ್ದಾರೆ. ತೂತಿನ ಒಳಗೋಡೆಗೂ ಬೂದು ಬಣ್ಣ ಇಳಿದಿದೆ. ಕಾರ್ಖಾನೆಯಲ್ಲಿ ಬಣ್ಣ ಮೊದಲು, ತೂತು ಆಮೇಲೆ. ಇಲ್ಲಿ ತಿರುಗುಮುರುಗು. ಇಂಥ ಕಲಬೆರಕೆ ಕಿಟ್ಟಿಗೆ ಅಲ್ಲಿನವರು ಫ್ರಾಂಕೆನ್‌ಕಿಟ್ ಎನ್ನುತ್ತಾರೆ.

ಮೋಸ ಮಾಡಲೆಂದೇ ಮಾಡಿದ್ದೋ, ಕಳೆದುಹೋದ ಟಾಮಿನ ಜಾಗಕ್ಕೆ ಒಬ್ಬ ಬಡ ಡ್ರಮ್ಮರ್ ಕಣ್ಣಿಗೆ ಹೊಂದುವಂತೆ ಮಾಡಿಕೊಂಡದ್ದೋ ಹೇಳುವುದು ಕಷ್ಟ. ನನಗೆ ಎರಡನೆಯದೇ ಇರಲಿ ಅನ್ನಿಸಿತು. ಬೆಣೆ ಹೊಡೆದ ಕೆಲಸ ಶ್ರದ್ಧೆಯದಾಗಿತ್ತು. ಸ್ಪ್ರೇ ಮಾತ್ರ ಅವಸರದ್ದು, ಅದು ಬೇರೆ ಕೈ ಇರಬಹುದು.

ನಾದದ ಮಾತೂ ಬಂತು. ಮಹೋಗನಿಗೆ ಬೆಚ್ಚಗಿನ ಕೆಳದನಿ, ಮೇಪಲ್ಲಿಗೆ ಸಮತೂಕ, ಬರ್ಚಿಗೆ ಚು­ರುಕು ಎಂದು ಕಂಪನಿಗಳ ಕ್ಯಾಟಲಾಗುಗಳು ಪಾಠ ಒಪ್ಪಿಸುತ್ತವೆ. ಅದರಲ್ಲಿ ಸ್ವಲ್ಪ ನಿಜವಿರಬಹುದು. ಆದರೆ ಹೊಸ ಚರ್ಮ, ನೇರವಾದ ಅಂಚು, ತಾಳ್ಮೆಯಿಂದ ಮಾಡಿದ ಶ್ರುತಿ, ಈ ಮೂರರ ಮುಂದೆ ಮರದ ಜಾತಿಯ ಪಾಲು ಚಿಕ್ಕದು ಎಂಬುದು ಆ ನೆಲಮಾಳಿಗೆಯಲ್ಲಿ ಕೇಳಿದ ಮೇಲೆ ನನ್ನ ಅಭಿಪ್ರಾಯ. ಮುದುಕ ಲುವಾನ್ ಟಾಮಿಗೂ ಫ್ಲೋರ್ ಟಾಮಿಗೂ ಒಂದೊಂದು ಏಟು ಕೊಟ್ಟ. ಲುವಾನ್ ಏನೂ ನಾಚಿಕೆ ಪಡುವಂತೆ ನುಡಿಯಲಿಲ್ಲ.

ಸ್ನೇರಿಗೆ ಅವನು ಸಮಯ ಕೊಡಲಿಲ್ಲ. ಕ್ರೋಮ್ ಲೇಪಿಸಿದ ಸುಪ್ರಾಫೋನಿಕ್, ಲೋಹದ ಶೆಲ್, ಮರವೇ ಇಲ್ಲ. ಕ್ರೋಮ್ ಅಲ್ಲಲ್ಲಿ ಗುಳ್ಳೆ ಎದ್ದು ಉದುರಿದೆ, ಕೆಳಗೆ ಅಲ್ಯೂಮಿನಿಯಂ ಮಿಶ್ರಲೋಹದ ಬೂದು. ಅದರ ಹಿಂದಿನ ಪೀಳಿಗೆಯದಾಗಿದ್ದರೆ ಹಿತ್ತಾಳೆ, ಎತ್ತಿದರೆ ಕೈಗೆ ತಿಳಿಯುವಷ್ಟು ಭಾರ.

ಕೊನೆಗೆ ರಟ್ಟಿನ ಚೀಟಿಗಳು. ಒಂದೊಂದು ಡ್ರಮ್ಮಿಗೆ ಒಂದೊಂದು, ಸೀಸದಕಡ್ಡಿಯಲ್ಲಿ ಬರೆದ. ಬೇಸ್: ಶೆಲ್ ಜೂನ್ 1965, ಮಹೋಗನಿ-ಪೋಪ್ಲರ್-ಮಹೋಗನಿ, ತೂತು ಹೆಚ್ಚುವರಿ ಇಲ್ಲ. ಫ್ಲೋರ್ ಟಾಮ್: ಶೆಲ್ ನವೆಂಬರ್ 1965, ಅದೇ ಮರ. ಸ್ನೇರ್: ಲೋಹ, ಅರವತ್ತರ ದಶಕ. ರ‍್ಯಾಕ್ ಟಾಮ್: ಜಪಾನ್, ಲುವಾನ್ ಆರು ಪದರ, ಅರವತ್ತರ ದಶಕದ ನಡು ಅಥವಾ ಕೊನೆ, ಬ್ಯಾಡ್ಜ್ ಬೇರೆ ಡ್ರಮ್ಮಿನದು. ಒಟ್ಟು ಕಿಟ್ಟಿಗೆ ಒಂದು ಇಸವಿ ಬರೆದುಕೊಡಿ ಎಂದು ಮೇಷ್ಟರು ಕೇಳಿದರು. ಬರೆಯಲಿಲ್ಲ.

ಹದಿಮೂರು ಅಂಗುಲದ ಅಸಲಿ ಅನಾಥ ಟಾಮ್ ಒಂದು ಅವನ ಗೋಡೆಯಲ್ಲೇ ಇತ್ತು, 1966ರ ಮುದ್ರೆಯದು, ನೀಲಿ ಸ್ಪಾರ್ಕಲ್ ಹೊದಿಕೆ, ಅಂದರೆ ಈಗ ಹಸಿರು. ಬೆಲೆ ಕೇಳಿ ಮೇಷ್ಟರು ಕೈ ಜೇಬಿಗೆ ಹಾಕಿದವರು ಹಾಗೆಯೇ ತೆಗೆದರು. ಶುಕ್ರವಾರ ಶಾಲೆಯಲ್ಲಿ ಜಾಝ್ ಬ್ಯಾಂಡಿನ ರಿಹರ್ಸಲ್ ಇದೆ, ಸದ್ಯ ಇದನ್ನೇ ಜೋಡಿಸಿಕೊಡಿ ಎಂದರು. ಮುದುಕ ಲುವಾನ್ ಶೆಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಹೊಸ ಚರ್ಮ ಸಲೀಸಾಗಿ ಇಳಿಯುವಂತೆ ಹೊದಿಕೆಯ ಮೇಲಂಚನ್ನು ಕೂದಲೆಳೆಯಷ್ಟು ಉಜ್ಜತೊಡಗಿದ. ಬ್ಯಾಡ್ಜ್ ತೆಗೆದುಹಾಕಲೇ ಎಂದು ಕೇಳಿದ. ಮೇಷ್ಟರು ಸ್ವಲ್ಪ ಯೋಚಿಸಿ, ಇರಲಿ, ಹುಡುಗರಿಗೆ ಇಷ್ಟ ಎಂದರು. ಹಾಗಾದರೆ ಚೀಟಿ ಒಳಗೇ ಅಂಟಿಸುತ್ತೇನೆ, ಆಮೇಲೆ ಯಾರಾದರೂ ಬಿಚ್ಚಿದರೆ ಅವರಿಗೆ ಸಿಗಲಿ ಎಂದ ಮುದುಕ, ಅಂಟಿನ ಡಬ್ಬಿಗೆ ಕೈ ಚಾಚಿದ. ಅಂಚು ಉಜ್ಜಿದ್ದಕ್ಕೆ ಬೇರೆ ಬಿಲ್ಲು ಎಂದೂ ಹೇಳಿದ.